ಕೇಳದೆಯೇ ಚಾಚಿದ ಕೈ

ಸೋಮವಾರ ಜಲಜಾಕ್ಷಿ ಮಗನ ಜೊತೆ
ಒಂದು ಪೇರಳೆ ಕೋಲನ್ನೂ ತಂದು ಬಿಟ್ಟಳು.
"ಹೊಡೀರಿ ಟೀಚರ್, ನಾನೇನೂ ಹೇಳ್ಲಿಕ್ಕಿಲ್ಲ.
ಮನೆಯಲ್ಲಿ ನನ್ನ ಕೈ ಬೀಡಿಯಲ್ಲೇ ಇರ್ತದೆ."
ತೊಗಟೆ ಕೆತ್ತಿ ನಯ ಮಾಡಿದ ಕೋಲು.
ಅಷ್ಟು ಹೊತ್ತಿನಲ್ಲಿ ಐವತ್ತು ಬೀಡಿ ಕಟ್ಟಬಹುದಿತ್ತು.

ಕಪಾಟಿನ ಮೇಲೆ ಇಟ್ಟೆ. ಎಸೆಯಲಿಲ್ಲ, ಸುಳ್ಳು ಯಾಕೆ.

ಆಫೀಸಿನ ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ.
ಕೂಡಿಸಿ ಕೂಡಿಸಿ ಓದಿದೆ: ಹೊಡೆಯಬಾರದು, ಬೆದರಿಸಬಾರದು,
ಕತ್ತಲೆಕೋಣೆಯ ಹೆಸರೆತ್ತಬಾರದು.
ಹಾಗಾದರೆ ಏನು ಮಾಡಬೇಕು ಎನ್ನುವ ಪುಟ
ಪಿನ್ನು ಕಳಚಿ ಎಲ್ಲೋ ಬಿದ್ದಿರಬೇಕು,
ಸೀತಾಂಗೋಳಿಯವರೆಗೆ ಬರಲಿಲ್ಲ.

ಬುಧವಾರ, ಮೊಟ್ಟೆಯ ದಿನ, ಹನ್ವಿತ್ ಕಚ್ಚಿದ.
ಒಂದು ಕೆಂಪು ಬಕೆಟಿಗಾಗಿ.
ರಿಯೋನಾಳ ಮೊಣಕೈಯ ಕೆಳಗೆ ಐದು ಹಲ್ಲು,
ನಡುವೆ, ಅವನು ಬಿದ್ದು ಕಳಕೊಂಡ ಹಲ್ಲಿನ ಜಾಗ ಖಾಲಿ.
ಅವಳು ಕೊಂಕಣಿಯಲ್ಲಿ ಅತ್ತಳು,
ಬೀಫಾತಿಮ್ಮ ಸೌಟು ಹಿಡಿದೇ ಬ್ಯಾರಿಯಲ್ಲಿ ಗದರಿದರು,
ನಾನು ತುಳುವಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬರುವಷ್ಟರಲ್ಲಿ
ಅವನು ಕಣ್ಣು ಮುಚ್ಚಿ ಅಂಗೈ ಚಾಚಿದ್ದ.

ಯಾರೂ ಕೇಳಿರಲಿಲ್ಲ.
ರೆಪ್ಪೆ ಮಾತ್ರ ಅದುರುತ್ತಿತ್ತು.

ನಾನು ಒಂದು ಸಲ ಹೊಡೆದಿದ್ದೇನೆ. ಮೊದಲ ವರ್ಷ.
ಆ ಹುಡುಗ ಈಗ ಬದಿಯಡ್ಕ ಬಸ್ಸಿನ ಕಂಡಕ್ಟರ್.
"ಟೀಚರೇ, ಇಲ್ಲಿ ಸೀಟುಂಟು" ಎಂದು ಕರೆಯುತ್ತಾನೆ.
ಚಿಲ್ಲರೆ ಕೊಡುವಾಗ ಅವನ ಅಂಗೈಯನ್ನೇ ನೋಡುತ್ತೇನೆ, ಪ್ರತಿ ಸಲ.
ಅವನಿಗೆ ಮರೆತಿದೆ.
ಮರೆತಿರಬಹುದು.

ಚಾಚಿದ ಕೈಗೆ ಏನಾದರೂ ಕೊಡಬೇಕಲ್ಲ.
ಒದ್ದೆ ಬಟ್ಟೆ ಇಟ್ಟೆ.
ಒಂದು ಕಣ್ಣು ತೆರೆದ.
"ಅವಳಿಗೆ ನೋವಾಗಿದೆ. ಒರಸು."
ಬೆಂಚು ಒರಸುವ ಹಾಗೆ ಒರಸಿದ. ಅವಳು ಕೈ ಎಳೆದುಕೊಂಡಳು.
"ಮೆಲ್ಲ."
ಮೆಲ್ಲ ಒರಸಿದ. ಆಮೇಲೆ ತಾನೇ ಮಾಡಿದ ಗುರುತನ್ನು
ಬೆರಳಿಟ್ಟು ಎಣಿಸಿದ: ಒಂದು, ಎರಡು, ನಾಲ್ಕು.
ಮೂರನ್ನು ಅವನು ಯಾವಾಗಲೂ ಬಿಡುತ್ತಾನೆ.

ಬಕೆಟು ಯಾರದೆಂದು ತೀರ್ಮಾನವಾಗಲಿಲ್ಲ.
ಬೀಫಾತಿಮ್ಮ ಅದರಲ್ಲಿ ಮೊಟ್ಟೆಸಿಪ್ಪೆ ತುಂಬಿಸಿಕೊಂಡು ಹೊರಗೆ ಹೋದರು.

ಗುರುವಾರ ಮತ್ತೆ ಕಚ್ಚಿದ.
ಶುಕ್ರವಾರ ಬಾಯಿ ತೆರೆದ, ನನ್ನ ಕಡೆ ನೋಡಿದ,
ತೆರೆದ ಬಾಯನ್ನು ಏನು ಮಾಡುವುದೆಂದು ತಿಳಿಯದೆ
ಆಕಳಿಸಿದ ಹಾಗೆ ಮಾಡಿದ.

ಸಂಜೆ ಜಲಜಾಕ್ಷಿ ಕೇಳಿದಳು, "ಕೋಲು ಸಾಕಾಗ್ತದಾ ಟೀಚರ್?"
ಕಪಾಟು ಎತ್ತರ ಮಾರಾಯ್ತಿ, ಕೈಗೆ ಎಟಕುವುದಿಲ್ಲ, ಅಂದೆ.

ಎಟಕುತ್ತದೆ.
ಬೆಳಿಗ್ಗೆ ಧೂಳು ಹೊಡೆಯುವಾಗ ದಿನಾ ತಾಗುತ್ತದೆ.