ಮುಚ್ಚಳಗಳು

ಮೊದಲು ಹಳದಿ, ಆಮೇಲೆ ನೇರಳೆ, ಕೊನೆಗೆ ಬೂದು.
ಟ್ಯೂಬುಗಳ ಈ ಸರದಿ ತಪ್ಪಿದರೆ
ರಕ್ತ ಬೇರೆಯದೇ ಮಾತಾಡುತ್ತದೆ.
ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಏಳೂಕಾಲು,
ಶೆಫೀಲ್ಡಿನ ಏರಿನಲ್ಲಿ ಟ್ರಾಮು ಕೀರಲಿಡುವ ಹೊತ್ತು
ನಾನು ಗ್ಲೆನಿಸಳ ಕೈಯನ್ನು ಬಿಸಿನೀರಲ್ಲಿಟ್ಟು ಕೂತಿರುತ್ತೇನೆ,
ನರ ಮೇಲೆ ಬರಲೆಂದು.

ಐವತ್ತಾರು ಅವಳಿಗೆ. ಮೂವತ್ತೊಂದು ವರ್ಷ
ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು.
ದಿನಕ್ಕೆ ಇನ್ನೂರ ನಲವತ್ತು ತಟ್ಟೆ.
ಯಾವ ಹುಡುಗ ಬಟಾಣಿ ಬದಿಗೆ ಸರಿಸುತ್ತಾನೆ,
ಯಾವಳಿಗೆ ಎರಡನೇ ಸಲ ಬೇಕು, ಎಲ್ಲ ಬಾಯಿಪಾಠ.
ಅವಳ ತಟ್ಟೆಯನ್ನು ಮಾತ್ರ ಯಾರೂ ಕೇಳಲಿಲ್ಲ.
ಬಡಿಸುವವರು ಕೊನೆಗೆ ಉಣ್ಣುತ್ತಾರೆ ಎಂಬುದು
ನಮ್ಮಲ್ಲೂ ಇದೆ, ಇಲ್ಲೂ ಇದೆಯಂತೆ.

"ಮುಷ್ಟಿ ಬಿಗಿಯಬೇಡಿ," ಅನ್ನುತ್ತೇನೆ.
ಬಿಗಿದರೆ ಇಲ್ಲದ ಪೊಟ್ಯಾಸಿಯಂ ಇದ್ದಂತೆ ಕಾಣುತ್ತದೆ.
ತೋಳಿನ ಮೇಲೆ ಎಳೆಗೂಸಿನ ನವಿರು ಕೂದಲು,
ಚಳಿಗೆ ಮೈ ತಾನೇ ನೆಯ್ದುಕೊಂಡ ಕಂಬಳಿ.
ಮಕ್ಕಳ ವಾರ್ಡಿನಿಂದ ತಂದ ಪುಟ್ಟ ಟ್ಯೂಬು,
ಅದು ತುಂಬಲೂ ಹೊತ್ತು ಹಿಡಿಯುತ್ತದೆ,
ಬತ್ತುತ್ತಿರುವ ಎಮ್ಮೆಯ ಕಡೇ ಸೊರೆಯ ಹಾಗೆ.

ತಕ್ಕಡಿಗೆ ಮೋಸ ಮಾಡಬಹುದು. ಮಾಡಿದ್ದಾಳೆ:
ತೂಕಕ್ಕೆ ಮುಂಚೆ ಬಚ್ಚಲಲ್ಲಿ ಎರಡು ಲೀಟರು ನೀರು, ಗಟಗಟ.
ಮುಳ್ಳು ಮುಂದೆ ಸರಿಯಿತು, ಡಾಕ್ಟರು ನಕ್ಕರು.
ಮಧ್ಯಾಹ್ನ ಸೋಡಿಯಂ ಬಂತು: ನೂರ ಇಪ್ಪತ್ತನಾಲ್ಕು.
ರಕ್ತ ಚಾಡಿ ಹೇಳಿತ್ತು.
ಹಾಗೆಂದು ಅದೂ ಪೂರಾ ನಂಬುವಂಥದ್ದಲ್ಲ.
ಎಷ್ಟೋ ತಿಂಗಳು ಎಲ್ಲ ಅಂಕಿಯೂ ನೆಟ್ಟಗಿದ್ದವು.
ಹೃದಯದ ಗೋಡೆ ತೆಳುವಾಗುತ್ತಿದ್ದಾಗ
ವರದಿಯಲ್ಲಿ ಒಂದೂ ಕೆಂಪು ಗುರುತಿರಲಿಲ್ಲ.
ಅಕ್ಕಿ ಮುಗಿದ ಮನೆಯ ಹೊಸ್ತಿಲಲ್ಲೂ ರಂಗೋಲಿ ಇರುತ್ತದಲ್ಲ.
ಕಬ್ಬಿಣವಂತೂ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು:
ಹೊಸ ರಕ್ತ ಕಟ್ಟುವ ಕೆಲಸ ನಿಂತು
ಗೋದಾಮಿನಲ್ಲಿ ಉಳಿದುಹೋದ ಸರಕು.
"ಈ ಊರಿನ ಹಾಗೇ," ಅಂದಳು ಗ್ಲೆನಿಸ್.
ಅವಳಪ್ಪ ಉಕ್ಕಿನ ಕುಲುಮೆಯಲ್ಲಿದ್ದವನು.
ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಒಂದು ಶುಕ್ರವಾರ ತಗಡಿನ ಡಬ್ಬಿ ತಂದಳು.
ಓಟ್ಸು, ಕಾಕಂಬಿ, ಶುಂಠಿ: ಇಲ್ಲಿಯವರ ಪಾರ್ಕಿನ್,
ನಾಲ್ಕು ದಿನ ಮುಚ್ಚಿಟ್ಟು ಮಾಗಿದ ಮೇಲೇ ರುಚಿಯಂತೆ.
"ನನ್ನೆದುರೇ ತಿನ್ನು, ನಂದಾ."
ತಿಂದೆ.
ನನ್ನ ಗಂಟಲು ಏರಿಳಿಯುವುದನ್ನು ಅವಳು ನೋಡಿದ ಹಾಗೆ
ನಾನು ಯಾವ ನರವನ್ನೂ ನೋಡಿಲ್ಲ.

ಮುಂದಿನ ವಾರ ಪೊಟ್ಯಾಸಿಯಂ ಎರಡೂವರೆ.
ಲ್ಯಾಬಿನವರು ಕಾಗದ ಕಳಿಸಲಿಲ್ಲ, ಫೋನೇ ಮಾಡಿದರು.
ಭರ್ತಿ ಮಾಡಿಕೊಂಡರು. ಮೂಗಿಗೆ ನಳಿಕೆ.
ಓದಿದ್ದೆ, ಕಂಡಿರಲಿಲ್ಲ: ಹಸಿವಿಗಿಂತ
ಮೊದಲ ತುತ್ತಿನ ಭಯ ದೊಡ್ಡದೆಂದು.
ಊಟ ಬಂತೆಂದು ಜೀವಕೋಶಗಳೆಲ್ಲ ಬಾಗಿಲು ತೆರೆದು
ರಕ್ತದ ಫಾಸ್ಫೇಟನ್ನು ಒಳಗೆಳೆದುಕೊಳ್ಳುತ್ತವೆ,
ಮೊದಲ ಪಂಕ್ತಿಗೆ ನುಗ್ಗಿದ ಜನದಂತೆ.
ಸೊನ್ನೆ ಪಾಯಿಂಟ್ ಒಂಬತ್ತು.
ಆರು.
ಮೂರು.
ದಿನಕ್ಕೆ ಎರಡು ಸಲ ಚುಚ್ಚಿದೆ, ಕೈಯಲ್ಲಿ ಜಾಗವಿಲ್ಲದೆ ಪಾದಕ್ಕೂ.
ಹನಿಹನಿಯಾಗಿ, ಅಳೆದು ಅಳೆದು ಉಣಿಸಿದರು
ಇನ್ನೂರ ನಲವತ್ತು ತಟ್ಟೆಯವಳಿಗೆ.

ಡಬ್ಬಿ ನನ್ನ ಕಿಟಕಿಯಲ್ಲೇ ಉಳಿಯಿತು.
ನಮ್ಮವ್ವ ಅನ್ನುತ್ತಿದ್ದಳು,
ಇನ್ನೊಬ್ಬರ ಪಾತ್ರೆ ಬರಿದೇ ಮರಳಿಸಬಾರದು,
ಏನಿಲ್ಲದಿದ್ದರೆ ಚೂರು ಸಕ್ಕರೆಯಾದರೂ ಹಾಕು.
ಇಲ್ಲಿ ಸಕ್ಕರೆಗೂ ಗ್ರಾಂ ಲೆಕ್ಕ, ಚೀಟಿ, ಸಹಿ.
ಹತ್ತಿ ಹಾಕಲೇ? ಪ್ಲಾಸ್ಟರಿನ ಪಟ್ಟಿ?
ಮೂರು ವಾರ, ತೊಳೆದ ಡಬ್ಬಿಯನ್ನೇ ಮತ್ತೆ ತೊಳೆದೆ.

ನಿನ್ನೆ ಫಾಸ್ಫೇಟ್ ಒಂದು ದಾಟಿತು.
ನಾಲ್ಕು ಹರಳು ಕಲ್ಲುಸಕ್ಕರೆ ಹಾಕಿ
ಮುಚ್ಚಳ ಒತ್ತಿ ಕೊಟ್ಟೆ, ಯಾರನ್ನೂ ಕೇಳಲಿಲ್ಲ.
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.
"ಎಷ್ಟು?" ಅಂದಳು ಲೆಕ್ಕದ ಹೆಂಗಸು.
"ಎಣಿಸಿಲ್ಲ," ಅಂದೆ. ಸುಳ್ಳು.

ಇವತ್ತು ಮತ್ತೆ ಹಳದಿ, ನೇರಳೆ, ಬೂದು.
ಡಬ್ಬಿ ಮಂಚದ ಪಕ್ಕದಲ್ಲಿದೆ, ಮುಚ್ಚಳ ತುಸು ಓರೆ.
ಇಣುಕಲಿಲ್ಲ ನಾನು.
ಬೂದು ಟ್ಯೂಬು ಸಕ್ಕರೆ ಅಳೆಯುವುದಕ್ಕೇ ಇರುವುದು,
ಆದರೆ ನಾಲ್ಕು ಹರಳು
ಅದರಲ್ಲಿ ಕಾಣುವಷ್ಟಲ್ಲ.