ಜಾಮೀನಿನ ಷರತ್ತು

ಕಾಗದ ಹೀಗೆ ಶುರುವಾಗುತ್ತದೆ:
‘ನೀನು, ಇನಿಸ್ ಕೌವಿ, ನವೆಂಬರ್ ಒಂಬತ್ತರ ರಾತ್ರಿ
ಪೀಟರ್‌ಹೆಡ್ ಬಂದರಿನ ಐಸ್ ಕಾರ್ಖಾನೆಯ ಹಿಂದೆ
ಡೂಗಲ್ಡ್ ವಾಟ್ ಎಂಬಾತನ ಮೇಲೆ ಹಲ್ಲೆ ಮಾಡಿ
ಮುಷ್ಟಿಯಿಂದ ಮುಖಕ್ಕೆ ಗುದ್ದಿ
ಗಾಯಪಡಿಸಿದೆ.’

ಎಂಬಾತ!
ಹನ್ನೊಂದು ವರ್ಷ ಒಂದೇ ಮೇಜಿನ ಆಚೆ ಈಚೆ ನಿಂತು
ಹ್ಯಾಡಕ್ ಮೀನಿನ ಮುಳ್ಳು ಬಿಡಿಸಿದ್ದೇವೆ.
ಮಗಳ ನಾಮಕರಣಕ್ಕೆ ನನ್ನ ಕೋಟೇ ತೊಟ್ಟು ಹೋದವನು
ಈಗ ಎಂಬಾತ.
ಮುಳುಗಿದ ನನ್ನ ತಮ್ಮನ ದೋಣಿಯ ಬಗ್ಗೆ
ಅವನಾಡಿದ ನಗೆಮಾತು ಕಾಗದದಲ್ಲಿಲ್ಲ.
ಮಾತಿಗೆ ರಕ್ತ ಬರುವುದಿಲ್ಲ, ಏನಂತ ಬರೆದಾರು.

ವಕೀಲೆ ರೋನಾ ಮಿಲ್ನ್ ಕನ್ನಡಕ ಒರೆಸುತ್ತ ಕೇಳಿದಳು:
ಠಾಣೆಯಲ್ಲಿ ಬಾಯಿ ಬಿಡಲಿಲ್ಲ ತಾನೆ?
ಇಲ್ಲ ಅಂದೆ.
ಒಳ್ಳೆಯದಾಯಿತು ಅಂದಳು,
ಮಗ್ಗಿ ಸರಿಯಾಗಿ ಒಪ್ಪಿಸಿದ ಹುಡುಗನಿಗೆ ಅನ್ನುವ ಹಾಗೆ.
ಬಿಡಲಿಲ್ಲವಲ್ಲ ಅಂತಲೇ ನನಗೆ
ಮೂರು ರಾತ್ರಿ ನಿದ್ದೆಯಿಲ್ಲ.

ಆಮೇಲೆ ದಾರಿ ತಿಳಿಸಿದಳು.
ಮೊದಲ ಡಯಟ್ಟಿನಲ್ಲಿ ಒಪ್ಪಿಕೋ, ಇಲ್ಲ ಅಲ್ಲವೆನ್ನು.
ಅಲ್ಲವೆಂದರೆ ನಡುವಿನದೊಂದು ಡಯಟ್ಟು, ಕೊನೆಗೆ ವಿಚಾರಣೆಯ ಡಯಟ್ಟು.
ಇವರ ಬಾಯಲ್ಲಿ ಡಯಟ್ಟೆಂದರೆ ವಾಯಿದೆಯ ದಿನ;
ನನ್ನ ತಲೆಗೆ ಬಂದದ್ದು ಸಕ್ಕರೆ ಕಾಯಿಲೆಯ ಅಮ್ಮ
ತೂಗಿ ತೂಗಿ ತಿನ್ನುತ್ತಿದ್ದ ಬ್ರೆಡ್ಡು.
ಇದೂ ತೂಕದ ಲೆಕ್ಕವೇ.
ಒಬ್ಬನ ಮಾತು ಸಾಲದು ಈ ನಾಡಿನಲ್ಲಿ,
ಇನ್ನೊಂದು ಕಡೆಯಿಂದಲೂ ಪುರಾವೆ ಬೇಕು.
ಕಾರ್ಖಾನೆಯ ಕ್ಯಾಮೆರಾ ಕೆಟ್ಟಿತ್ತಂತೆ:
ಹೇಳುವಾಗ ಅವಳ ದನಿಯಲ್ಲೊಂದು ಸಣ್ಣ ಖುಷಿ.
ಅವನಲ್ಲದೆ ಇನ್ನಾರು ಕಂಡರು?
ನಾನೂ ಕಂಡೆನಲ್ಲ ಅನ್ನಲಿಲ್ಲ.
ಸುಲಿದ ಗೆಣ್ಣುಗಳನ್ನು ಜೇಬಿನಲ್ಲಿಟ್ಟುಕೊಂಡೆ.

ಜಾಮೀನಿಗೆ ಷರತ್ತು: ಅವನ ಹತ್ತಿರ ಸುಳಿಯಕೂಡದು.
ಫೋನು, ಚೀಟಿ, ಮತ್ತೊಬ್ಬರ ಬಾಯಲ್ಲಿ ಹೇಳಿಕಳಿಸುವುದು
ಯಾವುದೂ ಕೂಡದು.
ತಪ್ಪಾಯ್ತು ಅನ್ನುವುದಕ್ಕೂ?
ಅದಕ್ಕಂತೂ ಬೇಡವೇ ಬೇಡ, ಅಂದಳು.

ಮೇಸ್ತ್ರಿ ನನ್ನನ್ನು ರಾತ್ರಿ ಪಾಳಿಗೆ ಹಾಕಿದ.
ಬೆಳಗ್ಗೆ ಆರಕ್ಕೆ ಅವನು ಬರುತ್ತಾನೆ,
ಅಷ್ಟರೊಳಗೆ ನಾನು ಗೇಟು ದಾಟಿರಬೇಕು.
ಅವನ ಬೂಟು ಗೂಟದಲ್ಲಿದೆ,
ಎಡಗಾಲಿನದು ಎಂದಿನಂತೆ ಒಳಕ್ಕೆ ವಾಲಿ.

ಶುಕ್ರವಾರ ನನ್ನ ಚಾಕು ಮೊಂಡಾಗಿತ್ತು, ಹಾಗೇ ಬಿಟ್ಟು ಹೋಗಿದ್ದೆ.
ಸೋಮವಾರ ಹಿಡಿದರೆ
ಮೀನಿಗೇ ತಿಳಿಯದ ಹಾಗೆ ಚರ್ಮ ಬಿಡುತ್ತಿದೆ.
ಈ ಪಾಳಿಯ ಹುಡುಗರಿಗೆ ಕಲ್ಲು ಹಿಡಿಯಲು ಬಾರದು.
ಅಷ್ಟು ಓರೆಯಾಗಿ ಸಾಣೆ ಹಿಡಿಯುವವನು
ಇಡೀ ಬಂದರಿನಲ್ಲಿ ಒಬ್ಬನೇ.

ಷರತ್ತು ನನಗೆ, ಅವನಿಗಲ್ಲ.
ರೋನಾಳನ್ನು ಕೇಳೋಣವೆಂದು ಫೋನು ತೆಗೆದೆ,
ಏನಂತ ಕೇಳಲಿ, ಇಟ್ಟೆ.
ಅವನ ಚಾಕುವಿನ ಅಲಗಿಗೆ ಹೆಬ್ಬೆರಳು ತಾಗಿಸಿದೆ. ಮೊಂಡು.
ಮೊದಲೇ ಹಾಗಿತ್ತೋ, ಬೇಕೆಂದೇ ಬಿಟ್ಟಿದ್ದಾನೋ.

ಬುಧವಾರ ಡಯಟ್ಟು.
ಹೌದು, ಅಲ್ಲ, ಎರಡೇ ಮಾತು ಸಾಕು ಅಂದಿದ್ದಾಳೆ.
ಕಲ್ಲಿಗೆ ನೀರು ಹಾಕಿ ನಿಂತಿದ್ದೇನೆ.
ಗಡಿಯಾರದಲ್ಲಿ ಐದೂವರೆ. ಕಲ್ಲು ಒಂದು ಮೂಲೆಯಿಂದ
ಒಣಗುತ್ತ ಬರುತ್ತಿದೆ.