ಎರಡು ಪಾಟಾ ಕಡಿಮೆ

ಲಾರಿಯ ಹಿಂದಿನ ಬಂಪರಿನ ಮೇಲೆ ಒಂದು ಕಾಲಿಟ್ಟು
ಚಮನ್ ಸಾಬರು ಮೈಭಾರವೆಲ್ಲ ಹಾಕಿ ಅದುಮಿದರು.
ಗಾಡಿ ಮಿಸುಕಲಿಲ್ಲ.
"ಎಷ್ಟು ಹೇರ್ತೀಯ?"
"ಹತ್ತು ಟನ್ನು ಜಲ್ಲಿ. ನಾಳೆ ಮಾತ್ರ ಮೂರೂವರೆ."
"ಮೂರೂವರೆಗೆ ನನ್ನ ಹತ್ರ ಯಾಕೆ ಬಂದೆ?"
"ಸಕ್ರೆಬೈಲಿನ ಆನೆ. ವರದೆ ಅಂತ.
ಕೊಪ್ಪದ ಕಡೆ ಪುಂಡಾನೆ ಹಿಡಿಯೋಕೆ ಕಳಿಸ್ತಾರೆ."

ಆಟೋ ಕಾಂಪ್ಲೆಕ್ಸಿನ ಆ ಮಧ್ಯಾಹ್ನ
ಕುಲುಮೆಯ ಹುಡುಗ ತಿದಿ ಒತ್ತುವುದನ್ನೇ ಮರೆತ.
ಸಾಬರು ಮಾತ್ರ ಚಾಸಿಯ ಕೆಳಗೆ ತೂರಿ
ಹನ್ನೊಂದು ಪಾಟಾಗಳನ್ನು ಬೆರಳಿನಲ್ಲಿ ಎಣಿಸಿದರು,
ಶಾಲೆಯಲ್ಲಿ ಹಾಜರಿ ಕರೆದ ಹಾಗೆ.

"ಜಲ್ಲಿಗೆ ಮಂಡಿ ಇಲ್ಲ," ಅಂದರು ಅಲ್ಲಿಂದಲೇ.
"ಹತ್ತಕ್ಕೆ ಕಟ್ಟಿದ ಕಮಾನು ಮೂರೂವರೆಗೆ ಬಗ್ಗಲ್ಲ,
ಒದೆಯುತ್ತೆ. ಗುಂಡಿಯ ಪೆಟ್ಟು ಪೂರ್ತಿ
ಅವಳ ಪಾದಕ್ಕೆ, ಮಂಡಿಗೆ, ದವಡೆಗೆ.
ತೆಗೀರೋ ಎರಡು."

ಯು ಬೋಲ್ಟು ಸಡಿಲಾಯಿತು.
ಸೆಂಟರ್ ಬೋಲ್ಟು ಹಟ ಹಿಡಿಯಿತು:
ಸೀಮೆಎಣ್ಣೆ, ಸುತ್ತಿಗೆ, ಒಂದು ಬೈಗುಳ.
ನೆನೆದು ಒಣಗಿದ ಲೆಕ್ಕದ ಪುಸ್ತಕದ ಹಾಳೆ ಬಿಡಿಸಿದಂತೆ
ಪಾಟಾಗಳು ಒಂದೊಂದಾಗಿ ಬಂದವು,
ನಡುನಡುವೆ ತುಕ್ಕು, ಹೋದ ವರ್ಷದ ಕೆಮ್ಮಣ್ಣು,
ಯಾರದೋ ಮನೆಗೆ ಹೊತ್ತ ಜಂಬಿಟ್ಟಿಗೆಯ ಪುಡಿ.
ಉಜ್ಜಿ, ಗ್ರಾಫೈಟ್ ಗ್ರೀಸು ಸವರಿದರು ಬಲು ಜಿಪುಣತನದಲ್ಲಿ.
"ಜಾಸ್ತಿ ಜಾರಿದ್ರೆ ಕುಣಿತ ನಿಲ್ಲಲ್ಲ.
ಉಜ್ಜಾಟವೂ ಒಂದು ಬ್ರೇಕೇ."

ಶಾಕ್‌ಗೆ ಹೊಸ ಬುಷ್ ಬಿತ್ತು.
ಆನೆಯ ಲೆಕ್ಕಕ್ಕೆ ಎಪ್ಪತ್ತು ಮೂಟೆ ಮರಳು ಹೇರಿಸಿ
ಮರದ ಹಲಗೆಯ ಮೇಲಿಂದ ಹಿಂಚಕ್ರ ಇಳಿಸಲು ಹೇಳಿದರು,
ತಾವು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು.
ಗಾಡಿ ಇಳಿಯಿತು, ಎದ್ದಿತು, ಅರ್ಧ ಇಳಿದು
ನಿಂತಿತು.
"ಒಂದೂವರೆ. ಇಷ್ಟೇ ಇರ್ಬೇಕು.
ಎರಡಾದ್ರೆ ತೊಟ್ಟಿಲು, ಮೂರಾದ್ರೆ ವಾಂತಿ."

ದುಡ್ಡು ಎಣಿಸಿಕೊಳ್ಳುತ್ತಾ ಇನ್ನೊಂದು ಮಾತು:
"ಮೆತ್ತಗೆ ಮಾಡಿದೀನಿ, ತಿರುವಿನಲ್ಲಿ ವಾಲುತ್ತೆ.
ಮೂಟೆ ಹೊರಕ್ಕೆ ವಾಲುತ್ತೆ, ಅದು ಗೊತ್ತು.
ಆನೆ ಏನು ಮಾಡುತ್ತೋ ಗೊತ್ತಿಲ್ಲಪ್ಪ.
ಉಸಿರಾಡೋ ಲೋಡಿಗೆ ಕಮಾನು ಕಟ್ಟಿದ್ದು
ಇದೇ ಮೊದಲು."

ಬೆಳಗಿನ ಜಾವ ನಾಲ್ಕು. ಮಂಡಗದ್ದೆ ದಾಟಿತು.
ಹಿಂದೆ ಅವಳು, ಅವಳ ಜೊತೆ ಮಾವುತ ಇಮ್ತಿಯಾಜ್.
ಸರಪಳಿಯಲ್ಲಿ ನಿಂತು ನಿಂತು ಬಂದ ಚಾಳಿ,
ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಾಳಂತೆ.
ಮಾಲೂರಿನ ಇಳಿಜಾರಿನಲ್ಲಿ
ಲಾರಿಯ ತೂಗಾಟಕ್ಕೂ ಅವಳ ತೂಗಾಟಕ್ಕೂ
ತಾಳ ಕೂಡಿಬಿಟ್ಟಿತು.
ಒಂದೊಂದು ಸಲಕ್ಕೂ ಇನ್ನಷ್ಟು.
ಇನ್ನಷ್ಟು.
ಕನ್ನಡಿಯೊಳಗೆ ಕಾಡು ಓರೆಯಾಯಿತು.

ಬ್ರೇಕು ಮುಟ್ಟಲಿಲ್ಲ. ಮೂರರಿಂದ ಎರಡನೇ ಗೇರಿಗೆ ಬಿದ್ದೆ.
ತಾಳ ತಪ್ಪಿತು.
ತಪ್ಪಿದ್ದಕ್ಕೇ ಉಳಿದೆವು.

ಅದಾದ ಮುಂದಿನ ತಿರುವು.
ನಾನಿನ್ನೂ ಸ್ಟಿಯರಿಂಗ್ ತಿರುಗಿಸಿಲ್ಲ,
ಸೀಟಿನ ಕೆಳಗೆ, ಬೆನ್ನುಹುರಿಯ ತುದಿಗೆ ತಿಳಿಯಿತು:
ಹಿಂದಿನಿಂದ ಭಾರ ಮೆಲ್ಲಗೆ
ಒಳಮಗ್ಗುಲಿಗೆ ಸರಿಯಿತು.
ನನಗಿಂತ ಮೊದಲೇ ತಿರುವು ಕಂಡಿದ್ದಳು,
ಕ್ಯಾಬಿನ್ನಿನ ಮೇಲಿಂದ ನೋಡಿಯೋ, ಮೂಸಿಯೋ.
ಮತ್ತೊಂದು ತಿರುವು. ಮತ್ತೆ ಹಾಗೇ.
ತೀರ್ಥಹಳ್ಳಿಯವರೆಗೆ ಗಾಡಿ ಓಡಿಸಿದವರು
ಇಬ್ಬರು.

ಸೇತುವೆ ದಾಟಿ ಟೀಗೆ ನಿಲ್ಲಿಸಿದಾಗ
ಇಮ್ತಿಯಾಜ್ ಇಳಿದು ಸೊಂಟ ಹಿಡಿದುಕೊಂಡ.
"ನನ್ ಕಥೆ ಬಿಡು. ಅವಳು ಕಬ್ಬು ಪೂರ್ತಿ ಮುಗಿಸಿದ್ಳು."

ಮರುವಾರ ಮಾಲೀಕ ಹಾಲಸ್ವಾಮಿಯ ಫೋನು:
ಪಾಟಾ ವಾಪಸ್ ಹಾಕಿಸು, ಜಲ್ಲಿ ಇದೆ.
ಗೋಡೆಗೆ ಒರಗಿಸಿಟ್ಟ ಎರಡು ಜೊತೆ ಉಕ್ಕಿನ ಮೇಲೆ
ಸೀಮೆಸುಣ್ಣದಲ್ಲಿ ಸಾಬರ ವಕ್ರ ಅಕ್ಷರ: ವರದೆ.
ಹುಡುಗ ಅದನ್ನು ಒರೆಸದೆ ಹಾಗೇ ಬಿಗಿದ.

ಈಗ ಮತ್ತೆ ಹತ್ತು ಟನ್ನು.
ತಿರುವಿನಲ್ಲಿ ಜಲ್ಲಿ ಹೊರಕ್ಕೇ ವಾಲುತ್ತದೆ,
ಸಾಬರು ಹೇಳಿದ ಹಾಗೆ, ಪ್ರತಿ ಸಲ.
ಆದರೂ ಸ್ಟಿಯರಿಂಗ್ ತಿರುಗಿಸುವ ಮುಂಚೆ
ಒಂದು ಗಳಿಗೆ ತಡೆಯುತ್ತೇನೆ,
ಹಿಂದೆ ಏನಾದರೂ ಸರಿಯುತ್ತದಾ ಅಂತ.